ಹನ್ನೆರಡು ಪಟ್ಟಿ, ಹನ್ನೆರಡು ಬೋನು

ನನ್ನ ಮಗಳ ಮನೆಯ ಕ್ಲಾಸೆಟ್ಟಿನಲ್ಲಿ ಒಂದು ಸೂಟ್‌ಕೇಸ್ ತುಂಬ ರವಿಕೆ ಕಣಗಳಿವೆ. ಅರಿಶಿನ ಕುಂಕುಮಕ್ಕೆ ಕರೆದವರು ಇವಳಿಗೆ ಕೊಟ್ಟದ್ದನ್ನು ಇವಳು ಇನ್ನೊಬ್ಬರಿಗೆ ಕೊಡುತ್ತಾಳೆ, ಅವರು ಮತ್ತೊಬ್ಬರಿಗೆ. ಅಮೆರಿಕದ ಈ ಕೆಂಡಲ್ ಪಾರ್ಕಿನಲ್ಲಿ ಅವನ್ನು ಹೊಲಿಸಿಕೊಂಡವರನ್ನು ನಾನು ಕಂಡಿಲ್ಲ. ಮೂರು ವರ್ಷದ ಹಿಂದೆ ನಾನೇ ಊರಿನಿಂದ ತಂದು ಕೊಟ್ಟಿದ್ದ ಒಂದು ಕೆಂಪು ಕಣ ಊರೆಲ್ಲ ಸುತ್ತಿ ಮತ್ತೆ ನಮ್ಮ ಮನೆಗೇ ಬಂದಿತ್ತು. ಅಂಚಿನಲ್ಲಿದ್ದ ಮಸಿಯ ಕಲೆಯಿಂದ ಗುರುತು ಹಿಡಿದೆ. ಕಳೆದ ಫಾಲ್‌ನಲ್ಲಿ, ಎಲೆ ಬಣ್ಣ ತಿರುಗುವ ಹೊತ್ತಿಗೆ, ಅದಕ್ಕೆ ಕತ್ತರಿ ಹಾಕಿದೆ. ಒಂದು ಗೇಣು ಉದ್ದ, ಎರಡು ಬೆರಳು ಅಗಲ, ಹನ್ನೆರಡು ಪಟ್ಟಿ. ಮಕ್ಕಳಿಗೆ ಅಳಿಲು ಹಿಡಿಯುವುದನ್ನು ಕಲಿಸಲು ಅವು ಬೇಕಾಗಿದ್ದವು.

ಟೌನ್‌ಹೋಮುಗಳ ಸಾಲು ಮುಗಿದಲ್ಲಿ ಒಂದು ಕಾಡಿದೆ. ನಲವತ್ತು ನಿಮಿಷದಲ್ಲಿ ಸುತ್ತಿ ಬರಬಹುದಾದಷ್ಟು ಕಾಡು. ಓಕ್ ಮರಗಳು, ಒಂದು ಸಣ್ಣ ತೊರೆ, ಆಚೆ ಬದಿಯಲ್ಲಿ ಹೈವೇಯ ಸದ್ದು. ನಾನು ಬೆಳಿಗ್ಗೆ ಐದಕ್ಕೆ ಏಳುತ್ತೇನೆ, ಆರೂವರೆಗೆ ನಡೆಯಲು ಹೊರಡುತ್ತೇನೆ. ಹಾಗೆ ಹೊರಟ ಒಂದು ದಿನ ನನ್ನ ವಯಸ್ಸಿನ ಅಮೆರಿಕನ್ ಹೆಂಗಸೊಬ್ಬರು ಕೈಗಾಡಿಯಲ್ಲಿ ತಂತಿಯ ಬೋನುಗಳನ್ನು ಎಳೆದು ತರುತ್ತಿದ್ದರು. ಒಂದನ್ನು ಮರದ ಬುಡದಲ್ಲಿಟ್ಟರು. ಇಳಿಜಾರು ನೆಲ, ಬೋನಿನ ಒಂದು ಮೂಲೆ ಮೇಲೆದ್ದಿತ್ತು.

ಸುಮ್ಮನೆ ಹೋಗಬಹುದಿತ್ತು, ಆಗಲಿಲ್ಲ. ಒಂದು ಚಪ್ಪಟೆ ಕಲ್ಲು ತಂದು ಮೂಲೆಯ ಕೆಳಗೆ ಸೇರಿಸಿ, ಅಂಗೈಯಿಂದ ಒತ್ತಿ ತೋರಿಸಿದೆ. "ಬೋನು ಅಲುಗಾಡಿದರೆ ಪ್ರಾಣಿ ಒಳಗೆ ಎರಡನೆಯ ಹೆಜ್ಜೆ ಇಡುವುದಿಲ್ಲ" ಎಂದು ನನ್ನ ಇಂಗ್ಲಿಷಿನಲ್ಲಿ ಹೇಳಿದೆ.

ಅವರು ಕಲ್ಲನ್ನೂ ನನ್ನ ಸೀರೆಯನ್ನೂ ಸ್ನೀಕರ್ಸನ್ನೂ ನೋಡಿ, "ಎಲ್ಲಿ ಕಲಿತಿರಿ?" ಎಂದು ಕೇಳಿದರು.

ಇಪ್ಪತ್ತೊಂಬತ್ತು ವರ್ಷ ಅದೇ ನನ್ನ ಕೆಲಸವಾಗಿತ್ತು. ಮಂಗನ ಕಾಯಿಲೆ ಹರಡುವ ಕಡೆ ಕಾಡಿನ ಇಲಿ, ಅಳಿಲುಗಳನ್ನು ಹಿಡಿದು, ಮೈಮೇಲಿನ ಉಣುಗುಗಳನ್ನು ಎಣಿಸಿ, ರಕ್ತದ ಸ್ಯಾಂಪಲ್ ತೆಗೆದು ಬಿಡುವ ಸರ್ಕಾರಿ ತಂಡದಲ್ಲಿ ನಾನು ಟೆಕ್ನಿಷಿಯನ್. ಬೆಳಕು ಹರಿಯುವ ಮೊದಲು ಜೀಪು ಹತ್ತಬೇಕು, ಬಿಸಿಲೇರುವ ಮೊದಲು ಬೋನುಗಳನ್ನೆಲ್ಲ ನೋಡಿ ಮುಗಿಸಬೇಕು. ತಡವಾಗಿ ಬಂದವರನ್ನು ಬಿಟ್ಟೇ ಜೀಪು ಹೊರಡುತ್ತಿತ್ತು. ನಾನು ಒಂದು ಸಲವೂ ತಪ್ಪಿಸಿಕೊಂಡಿಲ್ಲ.

ಆಕೆ ಹೈಸ್ಕೂಲಿನಲ್ಲಿ ಬಯಾಲಜಿ ಕಲಿಸಿ ನಿವೃತ್ತರಾದವರು. ನಾನು ಅವರನ್ನು ಮನಸ್ಸಿನಲ್ಲೇ ಟೀಚರಮ್ಮ ಎಂದು ಕರೆಯತೊಡಗಿದೆ. ಪ್ರತಿವರ್ಷ ಫಾಲ್‌ನ ನಾಲ್ಕು ಶನಿವಾರ ಅವರು ಆ ಕಾಡಿನ ಬೂದು ಅಳಿಲುಗಳನ್ನು ಎಣಿಸುತ್ತಾರೆ. ಹಿಡಿದ ಅಳಿಲಿನ ಬಾಲಕ್ಕೆ ಒಂದಿಷ್ಟು ಬಣ್ಣ ಹಚ್ಚಿ ಬಿಡುವುದು. ಮುಂದಿನ ವಾರ ಸಿಕ್ಕವುಗಳಲ್ಲಿ ಬಣ್ಣದವು ಎಷ್ಟು, ಬಣ್ಣವಿಲ್ಲದವು ಎಷ್ಟು ಎಂಬುದರಿಂದ ಕಾಡಿನಲ್ಲಿ ಒಟ್ಟು ಎಷ್ಟಿರಬಹುದೆಂದು ಲೆಕ್ಕ ಹಾಕುವುದು. ಮೊದಲೆಲ್ಲ ಅವರ ವಿದ್ಯಾರ್ಥಿಗಳು ಬರುತ್ತಿದ್ದರಂತೆ. ಆ ವರ್ಷ ಯಾರೂ ಇರಲಿಲ್ಲ, ಮೇಲಾಗಿ ಅವರಿಗೆ ಮಂಡಿನೋವು.

"ನಾನು ಬರುತ್ತೇನೆ. ಮಕ್ಕಳನ್ನೂ ಕರೆತರುತ್ತೇನೆ" ಎಂದೆ.

ಅವರು ಕೂಡಲೇ ಒಪ್ಪಲಿಲ್ಲ. ಈ ರಾಜ್ಯದಲ್ಲಿ ಮನಸ್ಸಿಗೆ ಬಂದಂತೆ ಅಳಿಲು ಹಿಡಿಯುವಂತಿಲ್ಲ, ಪರ್ಮಿಟ್ ಅವರ ಹೆಸರಿನಲ್ಲಿದೆ. ಮಕ್ಕಳು ಬೋನು ಇಡಬಹುದು, ನೋಡಬಹುದು, ಮುಚ್ಚಬಹುದು. ಪ್ರಾಣಿಯನ್ನು ಮಾತ್ರ ಮುಟ್ಟಬಾರದು. ಬಣ್ಣ ಹಚ್ಚುವುದೂ ಬಿಡುವುದೂ ಅವರೇ. ಮುಚ್ಚದೆ ಮರೆತ ಬೋನಿನಲ್ಲಿ ಒಂದು ಅಳಿಲು ಸತ್ತರೂ ಪರ್ಮಿಟ್ ಹೋಗುತ್ತದೆ, ಅಷ್ಟು ವರ್ಷಗಳ ಎಣಿಕೆ ಅಲ್ಲಿಗೇ ನಿಲ್ಲುತ್ತದೆ. ಇದನ್ನು ಅವರು ಎರಡು ಸಲ ಹೇಳಿದರು.

ನಾಲ್ಕು ಮಕ್ಕಳಾದರು. ನನ್ನ ಮೊಮ್ಮಗಳಿಗೆ ಎಂಟು ವರ್ಷ. ಪಕ್ಕದ ಮನೆಯ ಅವಳಿ ಹುಡುಗರಿಗೆ ಏಳು. ಎದುರು ಸಾಲಿನ, ಧಾರವಾಡದಿಂದ ಬಂದು ಎರಡು ವರ್ಷವಾದ ಹುಡುಗಿಗೆ ಹತ್ತು. ನನ್ನೊಡನೆ ಕನ್ನಡದಲ್ಲೇ ಉತ್ತರಿಸುತ್ತಿದ್ದವಳು ಅವಳೊಬ್ಬಳೇ.

ಶುಕ್ರವಾರ ಸ್ಕೂಲ್ ಬಸ್ ಬಂದ ಮೇಲೆ ಗರಾಜಿನಲ್ಲಿ ಪಾಠ. ಬಾಗಿಲು ಎತ್ತಿ ಕೊಕ್ಕೆಗೆ ಸಿಕ್ಕಿಸುವುದು, ಪ್ರಾಣಿ ಮೆಟ್ಟಿದರೆ ಬಾಗಿಲು ಬೀಳಿಸುವ ಒಳಗಿನ ತಟ್ಟೆಯನ್ನು ಬೆರಳಿನಿಂದಲ್ಲ, ಸೌಟಿನ ಹಿಡಿಯಿಂದ ಒತ್ತಿ ಪರೀಕ್ಷಿಸುವುದು. ಬಾಗಿಲು ಫಟ್ಟೆಂದು ಬಿದ್ದಾಗಲೆಲ್ಲ ಅವಳಿಗಳು ನಕ್ಕರು. ಅವರು ನಗುವುದು ನಿಲ್ಲಿಸುವವರೆಗೆ ಅದನ್ನೇ ಮಾಡಿಸಿದೆ. ಒಬ್ಬೊಬ್ಬರಿಗೂ ಇಪ್ಪತ್ತು ಸಲ.

ಟೀಚರಮ್ಮ ಪೀನಟ್ ಬಟರ್ ಇಡುತ್ತಿದ್ದರು. ಆದರೆ ಅವಳಿಗಳಲ್ಲಿ ಒಬ್ಬನಿಗೆ ಕಡಲೆಕಾಯಿ ಅಲರ್ಜಿ. ಅದಕ್ಕೆ ನಾನು ನಮ್ಮ ಹಳೆಯ ಪದ್ಧತಿ ಹಿಡಿದೆ, ಸುಟ್ಟ ಕೊಬ್ಬರಿ. ಅವನ ತಾಯಿಯನ್ನು ಕೇಳಿ, ಕೊಬ್ಬರಿ ಆಗುತ್ತದೆಂದು ಖಚಿತ ಮಾಡಿಕೊಂಡ ಮೇಲೆ ಒಣಕೊಬ್ಬರಿಯ ಗಿಟುಕನ್ನು ಗ್ಯಾಸಿನ ಉರಿಗೆ ಹಿಡಿದೆ. ಎಣ್ಣೆ ಬಿಟ್ಟು ಹೊಗೆಯೆದ್ದಿತು, ಸ್ಮೋಕ್ ಅಲಾರಂ ಕೂಗಿತು. ಮಗಳು ಮೇಲಿನ ಆಫೀಸ್ ರೂಮಿನಿಂದ ಓಡಿ ಬಂದಳು.

"ಅಮ್ಮಾ, ನಾನು ಮೀಟಿಂಗ್‌ನಲ್ಲಿದೀನಿ."

"ನಾನೂ ಕೆಲಸದಲ್ಲೇ ಇದೀನಿ. ಕಿಟಕಿ ತೆಗಿ."

ಪಟ್ಟಿಗಳ ಪದ್ಧತಿಯನ್ನೂ ನಮ್ಮ ಸರ್ಕಾರಿ ತಂಡದಿಂದಲೇ ತಂದೆ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಬೋನು ಎಣಿಕೆಗೆ ತಪ್ಪಿ ಕಾಡಿನಲ್ಲೇ ಉಳಿದಿತ್ತು. ಐದನೆಯ ದಿನ ಸಿಕ್ಕಿತು. ಒಳಗೆ ಒಂದು ಅಳಿಲಿತ್ತು ಎಂದಷ್ಟು ಹೇಳಿದರೆ ಸಾಕು. ಅಂದಿನಿಂದ ನಮ್ಮ ಸೂಪರ್‌ವೈಸರ್ ಪ್ರತಿ ಬೋನಿನ ಮೇಲಿನ ಕೊಂಬೆಗೆ ಕೆಂಪು ಪಟ್ಟಿ ಕಟ್ಟಿಸಿದರು. ಬೋನು ಮುಚ್ಚಿದವರು ಪಟ್ಟಿ ಬಿಚ್ಚಿ ತಂದು ಅವರ ಕೈಗೆ ಕೊಡಬೇಕು. ಇಟ್ಟಷ್ಟು ಪಟ್ಟಿ ಕೈಗೆ ಬಂದರೆ ಜೀಪು ಹೊರಡುತ್ತದೆ, ಒಂದು ಕಡಿಮೆಯಾದರೆ ಯಾರೂ ಹತ್ತುವಂತಿಲ್ಲ. ಆಮೇಲಿನ ವರ್ಷಗಳಲ್ಲಿ ಒಂದು ಬೋನೂ ಕಾಡಿನಲ್ಲಿ ಉಳಿಯಲಿಲ್ಲ. ಮಕ್ಕಳಿಗೆ ಆ ಅಳಿಲಿನ ಕತೆಯನ್ನು ಹೇಳಿದೆ. ಬೇಕೆಂದೇ ಹೇಳಿದೆ.

ಮೊದಲ ಶನಿವಾರ ಏಳು ಗಂಟೆಗೆ ಹನ್ನೆರಡು ಬೋನು ಇಟ್ಟೆವು, ಒಬ್ಬೊಬ್ಬರಿಗೆ ಮೂರು. ಗಂಟೆಗೊಮ್ಮೆ ನೋಡುವುದು, ಹನ್ನೊಂದಕ್ಕೆ ಮುಚ್ಚುವುದು. ಎಂಟರ ಸುತ್ತಿನಲ್ಲೇ ಧಾರವಾಡದ ಹುಡುಗಿಯ ಬೋನಿನಲ್ಲಿ ಒಂದು ಸಿಕ್ಕಿತು. ನಮ್ಮ ಕಡೆಯ ಅಳಿಲಿಗಿಂತ ಮೂರು ಪಾಲು ದೊಡ್ಡದು, ಹೊಗೆಬಣ್ಣ, ಬಾಲವೇ ಒಂದು ಗೇಣಿಗಿಂತ ಉದ್ದ. ಟೀಚರಮ್ಮ ಬೋನಿನ ಬಾಯಿಗೆ ದಪ್ಪ ಬಟ್ಟೆಯ ಚೀಲ ಹಿಡಿದು ಅದನ್ನು ಒಳಗೆ ಓಡಿಸಿ, ಬಾಲವನ್ನಷ್ಟೇ ಹೊರಗೆ ತೆಗೆದು ಬಣ್ಣ ಹಚ್ಚಿದರು.

"ಬೆನ್ನ ಮ್ಯಾಲೆ ಗೆರಿ ಇಲ್ಲಲ್ರಿ ಅಜ್ಜಿ" ಎಂದಳು ಆ ಹುಡುಗಿ. "ರಾಮಗ ಇಲ್ಲೀ ವೀಸಾ ಸಿಗಲಿಲ್ಲೇನು?"

ಎರಡನೆಯ ಶನಿವಾರ ಅವಳಿಗಳಿಗೆ ತಲಾ ಒಂದು ಸಿಕ್ಕಿತು. ಮೂರನೆಯ ಶನಿವಾರದ ಹೊತ್ತಿಗೆ ಎಲ್ಲರಿಗೂ ಎರಡು ಮೂರಾಗಿದ್ದವು, ನನ್ನ ಮೊಮ್ಮಗಳೊಬ್ಬಳನ್ನು ಬಿಟ್ಟು. ಅವಳವು ತೊರೆಯ ಪಕ್ಕದ ಹತ್ತು, ಹನ್ನೊಂದು, ಹನ್ನೆರಡು. ಕೊಬ್ಬರಿ ಮಾಯವಾಗುತ್ತಿತ್ತು, ಬಾಗಿಲು ಬೀಳುತ್ತಿರಲಿಲ್ಲ. ಇರುವೆಯೋ ಸಣ್ಣ ಇಲಿಯೋ ತಿಂದು ಹೋಗುತ್ತಿದ್ದಿರಬೇಕು.

"ಯುವರ್ ಟ್ರ್ಯಾಪ್ಸ್ ಆರ್ ಅ ಫ್ರೀ ಬ್ರೇಕ್‌ಫಾಸ್ಟ್" ಎಂದ ಅವಳಿಗಳಲ್ಲೊಬ್ಬ. ಇನ್ನೊಬ್ಬ, "ವಿತ್ ಚಟ್ನಿ" ಎಂದು ಸೇರಿಸಿದ.

 ಆ ರಾತ್ರಿ ಮೊಮ್ಮಗಳು ಹಲ್ಲುಜ್ಜುವಾಗ, ಬಾಯಲ್ಲಿ ನೊರೆ ಇಟ್ಟುಕೊಂಡೇ, ತನ್ನ ಬೋನುಗಳನ್ನು ಬೇರೆ ಮರಕ್ಕೆ ಬದಲಿಸಬಹುದೇ ಎಂದು ಕೇಳಿದಳು. ಬೋನಿನ ಜಾಗ ಬದಲಿಸಿದರೆ ಲೆಕ್ಕ ಕೆಡುತ್ತದೆ, ಆಗುವುದಿಲ್ಲ ಎಂದೆ. ಅದು ನಿಜವೇ. ಇನ್ನೂ ಒಂದೆರಡು ಮಾತು ಆಡಬಹುದಿತ್ತು. ದೀಪ ಆರಿಸುವ ಹೊತ್ತಾಗಿತ್ತು, ಆರಿಸಿದೆ.

ಟೀಚರಮ್ಮನ ಒಂದು ಅಭ್ಯಾಸ ನನಗೆ ಹಿಡಿಸುತ್ತಿರಲಿಲ್ಲ. ಹನ್ನೊಂದಕ್ಕೆ ಮಕ್ಕಳು ಪಟ್ಟಿ ತಂದು ನನ್ನ ಕೈಗಿಟ್ಟು, ನಾನು ಹನ್ನೆರಡೂ ಎಣಿಸಿ ಸರಿ ಎಂದ ಮೇಲೆ ಅವರು ಕುಂಟುತ್ತ ಒಂದರಿಂದ ಹನ್ನೆರಡರವರೆಗೆ ಮತ್ತೆ ನಡೆದು ಬರುತ್ತಿದ್ದರು. ಕಾಲು ಗಂಟೆ. ಮೂರನೆಯ ವಾರ ನಾನು ಕೇಳಿಯೇಬಿಟ್ಟೆ.

"ಪಟ್ಟಿ ಎಲ್ಲ ಬಂದಿವೆ. ಈ ಮಂಡಿ ಇಟ್ಟುಕೊಂಡು ಮತ್ತೇಕೆ ನಡೆಯುತ್ತೀರಿ?"

"ನೀವು ಪಟ್ಟಿ ನೋಡಿದ್ದೀರಿ. ನಾನು ಬೋನು ನೋಡಿ ಬರುತ್ತೇನೆ" ಎಂದರು.

ಅವರಿಗೆ ನನ್ನ ಪದ್ಧತಿ ಅರ್ಥವಾಗಿಲ್ಲ ಎಂದುಕೊಂಡೆ.

ನಾಲ್ಕನೆಯ ಶನಿವಾರ ಕೊನೆಯದು. ಅದು ಮುಗಿದರೆ ಬೋನುಗಳು ಒಂದು ವರ್ಷ ಟೀಚರಮ್ಮನ ಶೆಡ್ಡಿಗೆ. ಮೋಡ ಕವಿದ, ಕಿವಿ ಕೊರೆಯುವ ಚಳಿ. ಹತ್ತು ಗಂಟೆಗೆ ಟೀಚರಮ್ಮ ಮಂಡಿಯ ಡಾಕ್ಟರರ ಅಪಾಯಿಂಟ್‌ಮೆಂಟಿಗೆ ಹೊರಟರು. ಮುಚ್ಚುವ ಜವಾಬ್ದಾರಿಯನ್ನು ನನಗೆ ಒಪ್ಪಿಸಿ, ರಿಜಿಸ್ಟರನ್ನೂ ಕೊಟ್ಟರು. "ನಡೆದು ನೋಡಿ" ಎಂದೂ ಹೇಳಿದರು. ಆಗಲಿ ಎಂದೆ.

ಅದೇ ದಿನ ಮಗಳು ಬ್ರಿಡ್ಜ್‌ವಾಟರಿನ ದೇವಸ್ಥಾನದಲ್ಲಿ ಅರ್ಚನೆ ಮಾಡಿಸಬೇಕೆಂದಿದ್ದಳು. ಹನ್ನೊಂದೂಕಾಲಿಗೆ ಕಾರು ಹೊರಡಬೇಕು. ಹನ್ನೊಂದಕ್ಕೆ ಸೀಟಿ ಊದಿದೆ. ಅವಳಿಗಳು ಆರು ಪಟ್ಟಿ, ಧಾರವಾಡದ ಹುಡುಗಿ ಮೂರು. ಮೊಮ್ಮಗಳು ಎಲ್ಲರಿಗಿಂತ ತಡವಾಗಿ ಬಂದು ಮೂರು ಪಟ್ಟಿಯನ್ನು ನನ್ನ ಅಂಗೈಯಲ್ಲಿಟ್ಟಳು. ಅವತ್ತೂ ಅವಳಿಗೆ ಏನೂ ಸಿಕ್ಕಿರಲಿಲ್ಲ. ಮುಖ ನೋಡಬೇಕಿತ್ತು, ನಾನು ಗಡಿಯಾರ ನೋಡುತ್ತಿದ್ದೆ. ಹನ್ನೆರಡು ಪಟ್ಟಿ ಎಣಿಸಿದೆ, ರಿಜಿಸ್ಟರಿನಲ್ಲಿ 'ಎಲ್ಲ ಮುಚ್ಚಿದೆ' ಎಂದು ಬರೆದು ಸಹಿ ಹಾಕಿದೆ. ನಡೆದು ನೋಡಲಿಲ್ಲ. ಬೋನುಗಳನ್ನು ಸಂಜೆ ಕೈಗಾಡಿ ತಂದು ಒಯ್ಯುವುದೆಂದು ಮೊದಲೇ ಮಾತಾಗಿತ್ತು.

ದೇವಸ್ಥಾನದ ಪಾರ್ಕಿಂಗ್ ಲಾಟಿನಲ್ಲಿ ಇಳಿಯುವಾಗ ಮಳೆ ಶುರುವಾಯಿತು. ಅರ್ಚನೆಯ ಹೊತ್ತಿಗೆ ಮೊಮ್ಮಗಳು ಬಹಳ ಹೊತ್ತು ಕಣ್ಣು ಮುಚ್ಚಿ ನಿಂತಳು. ನನಗೆ ಸಂತೋಷವಾಯಿತು. ಕೆಳಗಿನ ಕ್ಯಾಂಟೀನಿನಲ್ಲಿ ಅವಳ ಮುಂದೆ ದೋಸೆ ಆರುತ್ತಿತ್ತು.

"ಅಜ್ಜಿ, ಡು ಸ್ಕ್ವಿರಲ್ಸ್ ಗೆಟ್ ಕೋಲ್ಡ್?"

"ಮೈತುಂಬ ಕೂದಲಿದೆಯಲ್ಲ. ಮಳೆ ಬಂದ್ರೆ ಪೊಟರೆ ಸೇರ್ಕೊಳ್ತವೆ. ತಿನ್ನು."

"ಇಫ್ ದೇ ಕಾಂಟ್ ಗೋ ಹೋಮ್?"

ನಾನು ಚಮಚ ಕೆಳಗಿಟ್ಟೆ.

"ಎಷ್ಟನೇದು?"

"ಟ್ವೆಲ್ವ್."

ಮಗಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. "ಅಮ್ಮಾ, ಊಟ ಮುಗಿಸಿ ಹೋಗೋಣ, ಇನ್ನು ಹತ್ತು ನಿಮಿಷ" ಎಂದಳು.

"ಕಟ್ಟಿಸ್ಕೊ. ಏಳು."

ವಾಪಸು ನಲವತ್ತು ನಿಮಿಷದ ದಾರಿ. ವೈಪರ್ ಜೋರಾಗಿ ಓಡುತ್ತಿತ್ತು. ಮಗಳು ಬಯ್ಯಲು ಶುರುಮಾಡಿದಳು, ನೀನು ರಸ್ತೆ ನೋಡು ಎಂದೆ. ಹಿಂದಿನ ಸೀಟಿನಿಂದ ತುಂಡುತುಂಡಾಗಿ ಮಾತು ಬಂದಿತು. ಹತ್ತು, ಹನ್ನೊಂದನ್ನು ಮುಚ್ಚಿದ್ದಳು. ಹನ್ನೆರಡಕ್ಕೆ ಇನ್ನೊಂದೇ ಒಂದು ಚಾನ್ಸ್ ಕೊಡೋಣ ಅನ್ನಿಸಿತಂತೆ. ಸಂಜೆ ಕೈಗಾಡಿ ತರುವಾಗ ತಾನೇ ಮೊದಲು ಓಡಿಹೋಗಿ ನೋಡುವುದೆಂದು ಯೋಚಿಸಿದ್ದಳಂತೆ. ಮಳೆ ಬರುತ್ತದೆಂದು ಗೊತ್ತಿರಲಿಲ್ಲ.

"ಮುಚ್ಚದೆ ಇದ್ದಿದ್ದು ಗೊತ್ತಾಯ್ತು. ಪಟ್ಟಿ ಯಾಕೆ ಬಿಚ್ಚಿದೆ?"

"ಬಿಕಾಸ್ ಯು ಓನ್ಲಿ ಕೌಂಟ್ ದ ಪಟ್ಟಿ, ಅಜ್ಜಿ."

ಅವಳು ಎದುರುತ್ತರ ಕೊಡಲಿಲ್ಲ, ಇದ್ದದ್ದನ್ನು ಹೇಳಿದಳು. ನಮ್ಮ ತಂಡದಲ್ಲಿ ಪಟ್ಟಿ ತಂದುಕೊಡುತ್ತಿದ್ದವರಿಗೆಲ್ಲ ಬೋನು ಬೇಗ ಮುಚ್ಚಿ ಮನೆಗೆ ಹೋಗುವುದಷ್ಟೇ ಬೇಕಿತ್ತು. ಅಳಿಲು ಸಿಗಲಿ ಎಂದು ಆಸೆಪಟ್ಟವರು ಅಲ್ಲಿ ಯಾರಿದ್ದರು?

ಕಾಡಿನ ದಾರಿಯಲ್ಲಿ ಎಲೆಗಳು ನೆನೆದು ಜಾರುತ್ತಿದ್ದವು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ನಡೆದೆ. ಹನ್ನೆರಡನೆಯ ಬೋನಿನ ಬಾಗಿಲು ಬಿದ್ದಿತ್ತು.

ಅಳಿಲು ಮೂಲೆಯಲ್ಲಿ ಮುದುಡಿತ್ತು. ಕೂದಲು ಮೈಗೆ ಅಂಟಿ ಅರ್ಧದಷ್ಟಾಗಿತ್ತು. ತಂತಿಗೆ ಉಜ್ಜಿ ಉಜ್ಜಿ ಮೂಗಿನ ತುದಿ ಕೆಂಪಾಗಿತ್ತು. ಬೋನು ಎತ್ತಿದರೂ ಅದು ಕದಲಲಿಲ್ಲ. ಹಿಡಿದ ಕಾಡುಪ್ರಾಣಿ ಹಾರಾಡಿದರೆ ಹೆದರಬೇಕಿಲ್ಲ, ಸುಮ್ಮನಾದರೆ ಹೆದರಬೇಕು.

"ಈಸ್ ಇಟ್ ಡೆಡ್?" ಮೊಮ್ಮಗಳು ದೂರದಲ್ಲೇ ನಿಂತು ಕೇಳಿದಳು.

"ಹೊಟ್ಟೆ ನೋಡು. ಏರಿಳೀತಾ ಇದೆ. ಬಾ, ಆ ಕಡೆ ಹಿಡ್ಕೊ. ತಂತಿಯೊಳಗೆ ಬೆರಳು ಹಾಕ್ಬೇಡ."

ನನ್ನ ಶಾಲನ್ನು ಬೋನಿಗೆ ಸುತ್ತಿ, ಇಬ್ಬರೂ ಹಿಡಿದುಕೊಂಡು ಕಾರಿಗೆ ತಂದೆವು. ಮಗಳು ಕಣ್ಣರಳಿಸಿದಳು. "ಕಾರೊಳಗಾ?"

"ಹೀಟರ್ ಹಾಕು."

ಹಿಂದಿನ ಸೀಟಿನ ಮೇಲೆ ಬೋನು, ಮುಂದಿನ ಸೀಟಿನಲ್ಲಿ ದೇವಸ್ಥಾನದ ಲಾಡು, ಕಾರಿನ ತುಂಬ ಒದ್ದೆ ಕೂದಲಿನ ವಾಸನೆ. ನಾನು ಟೀಚರಮ್ಮನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವರು ಬಯ್ಯಲಿಲ್ಲ. "ಬಟ್ಟೆ ತೆಗೆಯಬೇಡಿ, ಕತ್ತಲಿರಲಿ. ಬರುತ್ತಿದ್ದೇನೆ" ಎಂದರು. ಮೊಮ್ಮಗಳು ಬೋನಿನ ಪಕ್ಕದಲ್ಲಿ ಕೂತು ಶಾಲನ್ನೇ ನೋಡುತ್ತಿದ್ದಳು. ಹದಿನೈದು ನಿಮಿಷ ಏನೂ ಇಲ್ಲ. ಆಮೇಲೆ ಒಳಗೆ ಒಂದು ಸಲ ಕೆರೆದ ಸದ್ದು. ಮತ್ತೆ ಒಂದು. ಸ್ವಲ್ಪ ಹೊತ್ತಿಗೆ ಬೋನೇ ಅಲುಗಾಡತೊಡಗಿತು. ಅದುವರೆಗೆ ಅಳದಿದ್ದ ಹುಡುಗಿ ಆಗ ಅತ್ತಳು.

ಟೀಚರಮ್ಮ ಕೊಡೆ ಹಿಡಿದು, ಮಂಡಿಗೆ ಹೊಸ ಬ್ಯಾಂಡೇಜ್ ಬಿಗಿದುಕೊಂಡು ಬಂದರು. ನಾನು ಬಾಯಿ ತೆರೆಯುವ ಮೊದಲೇ ಮೊಮ್ಮಗಳು ಕಾರಿನಿಂದಿಳಿದು, ಮಳೆಯಲ್ಲೇ ನಿಂತು ಎಲ್ಲ ಹೇಳಿದಳು. ಪಟ್ಟಿಯ ವಿಷಯವನ್ನೂ ಬಿಡಲಿಲ್ಲ. ಅವರು ಕೊಡೆಯನ್ನು ಅವಳ ಕಡೆಗೆ ಸರಿಸಿ ಪೂರ್ತಿ ಕೇಳಿಸಿಕೊಂಡರು. ಶಾಲಿನ ಒಂದು ತುದಿ ಎತ್ತಿ ಬಾಲ ನೋಡಿದರು. ಬಣ್ಣವಿರಲಿಲ್ಲ. ಹೊಸ ಅಳಿಲು.

"ಬಣ್ಣ ಹಚ್ಚಲ್ವಾ?" ಎಂದು ನಾನು ಕೇಳಿದೆ.

"ಇವತ್ತಿಗೆ ಇದಕ್ಕೆ ಇಷ್ಟು ಸಾಕು" ಎಂದು ರಿಜಿಸ್ಟರ್ ಕೇಳಿದರು. ನಾನು ಬರೆದಿದ್ದ 'ಎಲ್ಲ ಮುಚ್ಚಿದೆ' ಎಂಬುದನ್ನು ಅಳಿಸಲಿಲ್ಲ. ಅದರ ಕೆಳಗೆ, ಹನ್ನೆರಡನೆಯದು ತೆರೆದಿತ್ತು, ಅಳಿಲು ಜೀವಂತ ಸಿಕ್ಕಿತು ಎಂದು ಗಂಟೆ ಸಮೇತ ಬರೆದರು. ಯಾರ ತಪ್ಪು ಎಂಬಲ್ಲಿ ಪೆನ್ನು ನಿಲ್ಲಿಸಿ ತಲೆಯೆತ್ತಿದರು.

"ಮುಚ್ಚಿಸುವ ಜವಾಬ್ದಾರಿ ನನ್ನದಾಗಿತ್ತು. ನಾನು ನಡೆದು ನೋಡಲಿಲ್ಲ" ಎಂದೆ.

"ನೋ, ಮೈನ್" ಎಂದಳು ಮೊಮ್ಮಗಳು.

ಅವರು ಇಬ್ಬರ ಹೆಸರನ್ನೂ ಬರೆದರು. ಪರ್ಮಿಟ್ ಕೊಟ್ಟವರಿಗೆ ಇದನ್ನು ತಿಳಿಸಲೇಬೇಕು, ಅವರು ಏನು ಹೇಳುತ್ತಾರೋ ಗೊತ್ತಿಲ್ಲ ಎಂದರು. ಎಲ್ಲಿ ಹಿಡಿದೆವೋ ಅಲ್ಲಿಯೇ ಬಿಡಬೇಕು. ಮಳೆ ಸಣ್ಣದಾದ ಮೇಲೆ ಬೋನನ್ನು ಮತ್ತೆ ತೊರೆಯ ಪಕ್ಕಕ್ಕೆ ಒಯ್ದೆವು. ಬಾಗಿಲು ಎತ್ತಲು ಟೀಚರಮ್ಮ ಮೊಮ್ಮಗಳಿಗೇ ಹೇಳಿದರು. ಅವಳು ಎತ್ತಿ ಕೊಕ್ಕೆ ಸಿಕ್ಕಿಸಿದಳು, ಗರಾಜಿನಲ್ಲಿ ಇಪ್ಪತ್ತು ಸಲ ಮಾಡಿದ ಹಾಗೆಯೇ. ಅಳಿಲು ಒಂದು ಕ್ಷಣ ಅಲ್ಲೇ ಇದ್ದು, ಆಮೇಲೆ ಓಕ್ ಮರದ ಮೇಲೆ ಸುತ್ತಿಕೊಂಡು ಏರಿ ಕಾಣದಾಯಿತು. ನಾಲ್ಕು ವಾರ ಕಾದ ಅಳಿಲನ್ನು ಅವಳು ಕಣ್ತುಂಬ ನೋಡಿದ್ದು ಅಷ್ಟು ಹೊತ್ತು.

ಚಳಿಗಾಲ ಪೂರ್ತಿ ನಾವಿಬ್ಬರೂ ಪರ್ಮಿಟ್ ಕೊಟ್ಟವರ ಉತ್ತರಕ್ಕೆ ಕಾದೆವು. ಸ್ಕೂಲ್ ಬಸ್ಸಿನಿಂದ ಇಳಿದ ಕೂಡಲೇ ಅವಳ ಮೊದಲ ಪ್ರಶ್ನೆ, "ಡಿಡ್ ದೇ ರೈಟ್ ಬ್ಯಾಕ್?" ಎಂದೇ ಇರುತ್ತಿತ್ತು. ಹಿಮ ಕರಗಿದ ಮೇಲೆ ಟೀಚರಮ್ಮ ಫೋನ್ ಮಾಡಿದರು. ಪರ್ಮಿಟ್ ಮುಂದುವರಿದಿತ್ತು. ಒಂದು ಷರತ್ತು ಸೇರಿತ್ತು. ಮುಚ್ಚಿದ ಪ್ರತಿಯೊಂದು ಬೋನನ್ನೂ ದೊಡ್ಡವರೊಬ್ಬರು ಕಣ್ಣಾರೆ ನೋಡಿ ಸಹಿ ಹಾಕಬೇಕು.

ಈ ಫಾಲ್‌ನಲ್ಲಿ ಮತ್ತೆ ಹನ್ನೆರಡು ಬೋನು ಇಟ್ಟಿದ್ದೇವೆ. ಟೀಚರಮ್ಮ ಮಂಡಿಯ ಆಪರೇಷನ್ ಮಾಡಿಸಿಕೊಂಡು ಮರದ ಬೆಂಚಿನ ಮೇಲೆ ಕೂತಿರುತ್ತಾರೆ, ನಡೆಯುವುದು ನಾನು. ಪಟ್ಟಿಗಳನ್ನು ಬಿಟ್ಟಿಲ್ಲ, ಒಳ್ಳೆಯ ಪದ್ಧತಿಯೇ ಅದು. ಆದರೆ ಸಾಲಿನ ಉದ್ದಕ್ಕೂ ಮೊಮ್ಮಗಳು ನನ್ನ ಮುಂದೆ ನಡೆಯುತ್ತಾಳೆ. ತನ್ನದಲ್ಲದ ಬೋನುಗಳ ಮುಂದೆಯೂ ನಿಲ್ಲುತ್ತಾಳೆ. ಹನ್ನೆರಡನೆಯದರ ಬಳಿ ಮೊಣಕಾಲೂರಿ, ಬಿದ್ದ ಬಾಗಿಲನ್ನು ಒಮ್ಮೆ ಒತ್ತಿ ನೋಡುತ್ತಾಳೆ. ಪಟ್ಟಿಗೆ ಕೈ ಹಾಕುವುದಿಲ್ಲ. ನಾನೂ ಬಗ್ಗಿ ಒತ್ತುವವರೆಗೆ ಕಾಯುತ್ತಾಳೆ. ಆಮೇಲೆ ಬಿಚ್ಚುತ್ತಾಳೆ.